ಅನುಭವಿ ಮುಂದಾಳುಗಳ ಹತ್ತಿರ ತತ್ವ ಕೇಳಬೇಡಿ, ನಿನ್ನೆ ಏನಾಯ್ತು ಅಂತ ಕೇಳಿ

ವರ್ಷಗಟ್ಟಲೆ ಜನರನ್ನು ಕಟ್ಟಿಕೊಂಡು ಕೆಲಸ ಮಾಡಿಸಿದ ಯಾರನ್ನಾದರೂ ಹಿಡಿದು, "ಮುಂದಾಳತ್ವದ ಬಗ್ಗೆ ನಿಮ್ಮ ತತ್ವ ಏನು?" ಅಂತ ಕೇಳಿ ನೋಡಿ. ಉತ್ತರ ನಿಮಗೆ ಈಗಲೇ ಗೊತ್ತು. ಪ್ರಾಮಾಣಿಕವಾಗಿರಬೇಕು, ಎಲ್ಲರ ಮಾತು ಕೇಳಬೇಕು, ತಾಳ್ಮೆ ಇರಬೇಕು, ತಾನು ಮೊದಲು ಮಾಡಿ ತೋರಿಸಬೇಕು. ಇದರಲ್ಲಿ ಒಂದೂ ಸುಳ್ಳಲ್ಲ. ಆದರೆ ನಾಳೆ ಬೆಳಿಗ್ಗೆ ನಲವತ್ತು ಜನ ಕೆಲಸಕ್ಕೆ ಬಂದು ನಿಂತು, ಅದರಲ್ಲಿ ಇಬ್ಬರು ರಾತ್ರಿ ಜಗಳ ಆಡಿಕೊಂಡು ಬಂದಿದ್ದರೆ, ಈ ನಾಲ್ಕು ಮಾತು ಇಟ್ಟುಕೊಂಡು ಏನು ಮಾಡುತ್ತೀರಿ?

ಹಿರಿಯರು ಗುಟ್ಟು ಬಚ್ಚಿಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ಹೆಚ್ಚಿನವರು ಧಾರಾಳವಾಗಿ ಹೇಳುತ್ತಾರೆ, ಕೆಲವರನ್ನು ನಿಲ್ಲಿಸುವುದೇ ಕಷ್ಟ. ತೊಂದರೆ ಬೇರೆ ಕಡೆ ಇದೆ. ಅವರಿಗೆ ಗೊತ್ತಿರುವುದರಲ್ಲಿ ನಿಜವಾಗಿ ಬೆಲೆಬಾಳುವ ಭಾಗ ಅವರ ಬಾಯಿಗೇ ಬರುವುದಿಲ್ಲ. ನಾವು ಕೇಳುವ ಪ್ರಶ್ನೆಯೂ ಅದನ್ನು ಹೊರಗೆ ತರುವಂಥದ್ದಲ್ಲ. ಹಾಗಾಗಿ ಅನುಭವಿಗಳಿಂದ ಕಲಿಯುವುದು ಅಂದರೆ ಅರ್ಧ ಭಾಗ ಕೇಳುವುದನ್ನು ಕಲಿಯುವುದು. ಉಳಿದ ಅರ್ಧ, ಕೇಳಿದ್ದರಲ್ಲಿ ಯಾವುದನ್ನು ನಂಬಬೇಕು ಅಂತ ತಿಳಿಯುವುದು.

ಹಾಸನ ಜಿಲ್ಲೆಯವರಿಗೆ ಮುಂದಾಳು ಅಂದ ತಕ್ಷಣ ರಾಜಕೀಯವೇ ನೆನಪಾಗುತ್ತದೆ. ಹೊಳೆನರಸೀಪುರದಿಂದ ಹೊರಟವರು 1996ರಲ್ಲಿ ದೇಶದ ಪ್ರಧಾನಿ ಆದ ಊರು ಇದು, ತಪ್ಪಿಲ್ಲ. ಆದರೆ ನಾನು ಇಲ್ಲಿ ಮಾತಾಡುತ್ತಿರುವುದು ಅದಕ್ಕಿಂತ ತುಂಬಾ ಸಣ್ಣ ಅಳತೆಯ ಮುಂದಾಳುಗಳ ಬಗ್ಗೆ. ಹಾಲಿನ ಸೊಸೈಟಿ ಕಾರ್ಯದರ್ಶಿ, ಸ್ತ್ರೀ ಶಕ್ತಿ ಗುಂಪಿನ ಅಕ್ಕ, ಶಾಲೆಯ ಹೆಡ್‌ಮಾಸ್ಟರು, ಕಾಫಿ ತೋಟದ ಮೇಸ್ತ್ರಿ. ನಮಗೆ ನಿಮಗೆ ಕೈಗೆ ಸಿಗುವವರು ಇವರೇ ಅಲ್ವಾ.

ಮೇಸ್ತ್ರಿಯಿಂದಲೇ ಶುರು ಮಾಡುತ್ತೇನೆ. ನಮ್ಮ ಮೂಡಿಗೆರೆ ಕಡೆ ತೋಟಗಳಲ್ಲಿ ಹಾಜರಿ ಬರೆದು ಕೂಲಿ ಲೆಕ್ಕ ಇಡುವವರು ರೈಟರ್, ಆಳುಗಳನ್ನು ಕೆಲಸಕ್ಕೆ ಹಚ್ಚುವವರು ಮೇಸ್ತ್ರಿ. ಕುಯ್ಲಿನ ಕಾಲದಲ್ಲಿ, ಅಂದರೆ ಅರೇಬಿಕಾ ಕಾಫಿಗೆ ಹೆಚ್ಚುಕಮ್ಮಿ ನವೆಂಬರಿನಿಂದ ಜನವರಿ, ಅದರ ಬೆನ್ನಿಗೇ ರೋಬಸ್ಟಾ, ಬೆಳಿಗ್ಗೆ ಸಾಲು ಹಂಚುವ ಆ ಐದು ನಿಮಿಷ ಇದೆಯಲ್ಲ, ಅದನ್ನು ನಿಂತು ನೋಡಬೇಕು. ಕೆಜಿ ಲೆಕ್ಕದಲ್ಲಿ ಕೂಲಿ ಇದ್ದರೆ ಯಾವ ಸಾಲು ಯಾರಿಗೆ ಅನ್ನುವುದು ದುಡ್ಡಿನ ವಿಷಯ. ಹಣ್ಣು ತುಂಬಿದ ಗಿಡ ಸಿಕ್ಕವರಿಗೆ ಸಂಜೆ ಕಣದಲ್ಲಿ ತೂಕ ಜಾಸ್ತಿ ಬರುತ್ತದೆ. ಬೋಳು ಗಿಡ ಸಿಕ್ಕವರು ದಿನವಿಡೀ ಗುಡ್ಡ ಹತ್ತಿ ಇಳಿದರೂ ಚೀಲ ತುಂಬುವುದಿಲ್ಲ. ಮೇಸ್ತ್ರಿ ಕೈ ತೋರಿಸುತ್ತಾ ಹೋಗುತ್ತಾರೆ, ನೀನಿಲ್ಲಿ, ನೀವಿಬ್ಬರು ಅಲ್ಲಿ, ಅಷ್ಟೇ. ಎಲ್ಲರೂ ಗಿಡಕ್ಕೆ ಕೈ ಹಾಕಿರುತ್ತಾರೆ.

ನಮ್ಮ ಮೇಸ್ತ್ರಿಯನ್ನು "ಇಷ್ಟು ಜನರನ್ನು ಹೇಗೆ ಸಂಭಾಳಿಸುತ್ತೀರಿ?" ಅಂತ ಕೇಳಿದರೆ ಸಿಗುವ ಉತ್ತರ ಒಂದೇ. "ಅದ್ರಲ್ಲೇನಿದೆ ಗೌಡ್ರೆ, ಜನಾನ ಜನದ ಥರ ನೋಡ್ಕಂಡ್ರೆ ಆಯ್ತು." ಸರಿ. ಇದನ್ನು ಬರೆದು ಗೋಡೆಗೆ ಅಂಟಿಸಬಹುದು, ಅಷ್ಟೇ. ಆದರೆ ಅದೇ ದಿನ ಮಧ್ಯಾಹ್ನ ಊಟದ ಹೊತ್ತಿಗೆ, "ಬೆಳಿಗ್ಗೆ ಆ ಅಕ್ಕನಿಗೆ ಹಳ್ಳದ ಕಡೆ ಸಾಲು ಯಾಕೆ ಕೊಟ್ರಿ?" ಅಂತ ಕೇಳಿದರೆ ಮಾತು ಬೇರೆಯೇ ಬರುತ್ತದೆ.

"ಆಯಮ್ಮಂಗೆ ನಿನ್ನೆ ಒಣಕಲು ಗಿಡ ಸಿಕ್ಕಿತ್ತು. ಮೊನ್ನೆನೂ ಅಂಥದ್ದೇ. ಬಾಯಿ ಬಿಟ್ಟು ಹೇಳೋ ಪೈಕಿ ಅಲ್ಲ ಆಯಮ್ಮ. ಇವತ್ತೂ ಹಂಗೇ ಆದ್ರೆ ನಾಳೆ ಪಕ್ಕದ ತೋಟಕ್ಕೆ ಹೋಗ್ತಾರೆ, ಹಿಂದೇನೇ ಅವರ ಕೇರಿಯವರು ಐದು ಜನ ಹೋಗ್ತಾರೆ."

ಆ ಹೊಸ ಹುಡುಗನನ್ನು ಯಾಕೆ ಅವನ ಗುಂಪಿನಿಂದ ಬಿಡಿಸಿ ಬೇರೆ ಕಡೆ ನಿಲ್ಲಿಸಿದ್ದು? ಕುಯ್ಲಿಗೆ ಈಗ ಅಸ್ಸಾಮಿನ ಕಡೆಯವರೂ ಬರುತ್ತಾರೆ, ಅವರಲ್ಲೊಬ್ಬ ಅವನು. "ಹಣ್ಣಿನ ಜೊತೆ ಹಸಿರು ಕಾಯಿನೂ ಕಿತ್ತು ಹಾಕ್ತಿದ್ದ. ಬೈಯೋಣ ಅಂದ್ರೆ ನಂಗೆ ಅವನ ಭಾಷೆ ಬರಲ್ಲ, ಅವಂಗೆ ನನ್ನ ಮಾತು ತಿಳಿಯಲ್ಲ. ಚೆನ್ನಾಗಿ ಕುಯ್ಯೋರ ಪಕ್ಕ ಹಾಕ್ದೆ. ನೋಡಿ ಕಲೀಲಿ."

ಈಗ ನೋಡಿ, ಇದರಲ್ಲಿ ಎಷ್ಟು ಸಿಕ್ಕಿತು. ದೂರು ಹೇಳದವರ ಲೆಕ್ಕವನ್ನೂ ಮೇಸ್ತ್ರಿ ಮನಸ್ಸಲ್ಲಿ ಇಟ್ಟುಕೊಂಡಿದ್ದಾರೆ. ನ್ಯಾಯವನ್ನು ಒಂದು ದಿನದ ಮಟ್ಟಿಗೆ ಅಳೆಯದೆ ಮೂರು ನಾಲ್ಕು ದಿನ ಸೇರಿಸಿ ಅಳೆಯುತ್ತಾರೆ. ಒಬ್ಬರು ಹೋದರೆ ಯಾರ್ಯಾರು ಹಿಂದೆ ಹೋಗುತ್ತಾರೆ ಅನ್ನುವ ನಕ್ಷೆ ತಲೆಯಲ್ಲಿದೆ. ತಪ್ಪು ತಿದ್ದಲು ಮಾತು ಬೇಡ, ಜಾಗ ಬದಲಿಸಿದರೂ ಸಾಕು ಅಂತ ಗೊತ್ತಿದೆ. ಇವಿಷ್ಟೂ "ಜನಾನ ಜನದ ಥರ ನೋಡ್ಕೊಳ್ಳೋದು" ಅನ್ನುವುದರ ಒಳಗೇ ಇತ್ತು. ಆದರೆ ತತ್ವ ಕೇಳಿದ್ದರೆ ಇದ್ಯಾವುದೂ ಈಚೆ ಬರುತ್ತಿರಲಿಲ್ಲ.

ಗೊತ್ತಿದ್ದೂ ಹೇಳಲಾಗದ್ದು

ಹಂಗೇರಿಯಲ್ಲಿ ಹುಟ್ಟಿ, ರಸಾಯನಶಾಸ್ತ್ರದಿಂದ ತತ್ವಶಾಸ್ತ್ರದ ಕಡೆ ಬಂದ ಮೈಕೆಲ್ ಪೊಲಾನಿ ಅನ್ನುವವರು 1960ರ ದಶಕದಲ್ಲಿ ಒಂದು ಸರಳ ಮಾತು ಹೇಳಿದರು. ನಮ್ಮ ಬಾಯಲ್ಲಿ ಹೇಳಲು ಆಗುವುದಕ್ಕಿಂತ ನಮಗೆ ಗೊತ್ತಿರುವುದೇ ಜಾಸ್ತಿ ಅಂತ. ಪರಿಚಯದ ಮುಖವನ್ನು ಸಾವಿರ ಜನರ ಜಾತ್ರೆಯಲ್ಲೂ ಗುರುತು ಹಿಡಿಯುತ್ತೇವೆ, ಹೇಗೆ ಹಿಡಿದೆವು ಅಂದರೆ ಹೇಳಲು ಬರುವುದಿಲ್ಲ.

ಇದು ಮುಂದಾಳುಗಳ ತೀರ್ಮಾನಗಳಿಗೂ ಹೇಗೆ ಹೊಂದುತ್ತದೆ ಅಂತ ತೋರಿಸಿದವರು ಗ್ಯಾರಿ ಕ್ಲೈನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ. 1980ರ ದಶಕದಲ್ಲಿ ಅವರ ತಂಡ ಬೆಂಕಿ ಆರಿಸುವ ದಳದ ನಾಯಕರ ಹತ್ತಿರ ಹೋಗಿ, ನೀವು ತೀರ್ಮಾನ ಹೇಗೆ ತೆಗೆದುಕೊಳ್ಳುತ್ತೀರಿ ಅಂತ ಕೇಳಿತು. ಬಂದ ಉತ್ತರ ಮಜವಾಗಿತ್ತು. ನಾವು ತೀರ್ಮಾನವನ್ನೇ ತೆಗೆದುಕೊಳ್ಳುವುದಿಲ್ಲ, ಅಲ್ಲಿ ಏನು ಮಾಡಬೇಕೋ ಅದನ್ನು ಮಾಡುತ್ತೇವೆ, ಅಷ್ಟೇ ಅಂದರು. ನಮ್ಮ ಮೇಸ್ತ್ರಿಯ ಉತ್ತರದ ಹಾಗೇ ಇದೆ.

ಕ್ಲೈನ್ ಅಲ್ಲಿಗೆ ಬಿಡಲಿಲ್ಲ. ಒಂದೊಂದೇ ಘಟನೆ ಹಿಡಿದು ನಿಮಿಷ ನಿಮಿಷಕ್ಕೂ ಏನು ನೋಡಿದಿರಿ ಅಂತ ಕೇಳುತ್ತಾ ಹೋದರು. ಒಬ್ಬ ನಾಯಕ ಹೇಳಿದ ಕಥೆ ಆಮೇಲೆ ತುಂಬಾ ಹೆಸರಾಯಿತು. ಒಂದು ಮನೆಯ ಹಿಂಭಾಗದಲ್ಲಿ, ಅಡುಗೆಮನೆ ಕಡೆ ಬೆಂಕಿ. ದಳ ಒಳಗೆ ಹೋಗಿ ನೀರು ಹೊಡೆಯಿತು. ಬೆಂಕಿ ಬಗ್ಗಲಿಲ್ಲ. ಮತ್ತೆ ಹೊಡೆದರು, ಆಗಲೂ ಅಷ್ಟೇ. ನಾಯಕನಿಗೆ ಏನೋ ಸರಿಯಿಲ್ಲ ಅನ್ನಿಸಿತು. ಎಲ್ಲರೂ ಆಚೆ ಬನ್ನಿ ಅಂದ. ಅವರು ಆಚೆ ಬಂದದ್ದೇ ತಡ, ನಿಂತಿದ್ದ ನೆಲವೇ ಕುಸಿಯಿತು. ಬೆಂಕಿ ಇದ್ದದ್ದು ಕೆಳಗಿನ ನೆಲಮಾಳಿಗೆಯಲ್ಲಿ, ನೆಲಮಾಳಿಗೆ ಇದೆ ಅಂತಲೇ ಅವನಿಗೆ ಗೊತ್ತಿರಲಿಲ್ಲ. ತನಗೆ ಅತೀಂದ್ರಿಯ ಶಕ್ತಿ ಇದೆ ಅಂತ ಆತ ನಂಬಿದ್ದ. ಕೆದಕಿ ಕೇಳಿದಾಗ ಗೊತ್ತಾದದ್ದು ಬೇರೆ: ಅಷ್ಟು ಸಣ್ಣ ಬೆಂಕಿಗೆ ಆ ಕೋಣೆಯ ಕಾವು ಜಾಸ್ತಿ ಇತ್ತು, ಅಷ್ಟು ಕಾವಿಗೆ ಸದ್ದು ತೀರಾ ಕಡಿಮೆ ಇತ್ತು, ನೀರು ಹೊಡೆದರೂ ಬಗ್ಗಲಿಲ್ಲ. ಮೂರೂ ಅವನು ಹಿಂದೆ ನೋಡಿದ್ದ ನೂರಾರು ಬೆಂಕಿಗೆ ಹೊಂದುತ್ತಿರಲಿಲ್ಲ. ಅದನ್ನು ಅವನ ಮೈ ಹಿಡಿಯಿತು, ಮಾತು ಹಿಡಿಯಲಿಲ್ಲ.

ನಮ್ಮ ತೋಟದಲ್ಲೂ ಇಂಥದ್ದು ಇದೆ. ಅರೇಬಿಕಾ ಬೆಳೆಯುವವರ ಶತ್ರು ಬಿಳಿ ಕಾಂಡಕೊರಕ, ನಾವು ಬೋರರ್ ಅಂತಲೇ ಕರೆಯುವುದು. ದುಂಬಿ ಹಾರುವ ಕಾಲಕ್ಕೆ ಮುಂಚೆ ಬೋರರ್ ಗಿಡ ಹುಡುಕಿ ಕಿತ್ತು ಸುಡಬೇಕು. ಹೊಸಬರಿಗೆ ಹೇಳಿಕೊಡುವುದು ಸುಲಭ: ಎಲೆ ಹಳದಿ ಆಗಿದೆಯಾ ನೋಡು, ಕಾಂಡದ ಮೇಲೆ ಉಬ್ಬುಗೆರೆ ಇದೆಯಾ ನೋಡು. ಆದರೂ ಹೊಸಬರು ಹತ್ತು ಗಿಡ ತಡವುವಷ್ಟರಲ್ಲಿ ಹಳಬರು ದೂರದಿಂದಲೇ ಒಂದು ಗಿಡದ ಕಡೆ ಕೈ ತೋರಿಸಿ ಅದು ಹೋಯ್ತು ಅನ್ನುತ್ತಾರೆ. ಹೇಗೆ ಗೊತ್ತಾಯ್ತು ಅಂದರೆ, ನೋಡಿದ್ರೆ ಗೊತ್ತಾಗಲ್ವಾ ಅಂತ ನಗುತ್ತಾರೆ. ಅವರ ಹಿಂದೆ ನಡೆದರೆ ಮಾತ್ರ ಇನ್ನೊಂದು ತಿಳಿಯುತ್ತದೆ. ಅವರು ಎಲ್ಲ ಕಡೆ ಒಂದೇ ಥರ ಹುಡುಕುವುದಿಲ್ಲ, ನೆರಳು ತೆಳುವಾಗಿ ಬಿಸಿಲು ನೇರ ಬೀಳುವ ಕಡೆಗೆ ಮೊದಲು ಹೋಗುತ್ತಾರೆ. ದುಂಬಿ ಬಿಸಿಲು ಬೀಳುವ ಕಾಂಡದ ತೊಗಟೆಯ ಬಿರುಕಿನಲ್ಲೇ ಮೊಟ್ಟೆ ಇಡುವುದು ಜಾಸ್ತಿ. ಇದನ್ನು ಅವರು ಪಾಠದಲ್ಲಿ ಹೇಳಿರಲಿಲ್ಲ. ಕಾಲು ಹೇಳಿತು.

ಅದಕ್ಕೇ ಭಾಷಣ ಕೇಳುವುದಕ್ಕಿಂತ ಜೊತೆಗೆ ನಡೆಯುವುದು ಮೇಲು ಅನ್ನುವುದು. ಕಲಿಕೆಯಲ್ಲಿ ಶೇಕಡ 70 ಕೆಲಸದಿಂದ, 20 ಬೇರೆಯವರಿಂದ, 10 ತರಗತಿಯಿಂದ ಅಂತ ಕಂಪನಿಗಳ ತರಬೇತಿಯಲ್ಲಿ ಒಂದು ಲೆಕ್ಕ ತೋರಿಸುತ್ತಾರಲ್ಲ, ಅದು 1980ರ ದಶಕದಲ್ಲಿ ಅಮೆರಿಕದ ಮ್ಯಾನೇಜರುಗಳು ತಮ್ಮ ಅನುಭವ ನೆನಪಿಸಿಕೊಂಡು ಹೇಳಿದ್ದರಿಂದ ಬಂದದ್ದು. ತಕ್ಕಡಿಯಲ್ಲಿ ತೂಗಿದ ಲೆಕ್ಕ ಏನಲ್ಲ. ದಿಕ್ಕು ಸರಿ, ಅಂಕಿಗೆ ಜಾಸ್ತಿ ಬೆಲೆ ಕೊಡಬೇಡಿ.

ಹಾಗಾದರೆ ಏನು ಕೇಳಬೇಕು

ಒಂದು ದಿನ, ಒಂದು ಘಟನೆ, ಒಂದು ತೀರ್ಮಾನ. ಅದಕ್ಕಿಂತ ದೊಡ್ಡದು ಕೇಳಬೇಡಿ. "ನಿಮ್ಮ ಜೀವನದ ಪಾಠ" ಅಂದ ತಕ್ಷಣ ಎಂಥವರೂ ಸನ್ಮಾನದ ಭಾಷಣಕ್ಕೆ ಹೋಗಿಬಿಡುತ್ತಾರೆ, ಅದು ಅವರ ತಪ್ಪೂ ಅಲ್ಲ. ಅದರ ಬದಲು, ಆವತ್ತು ಮೊದಲು ಏನು ಕಣ್ಣಿಗೆ ಬಿತ್ತು? ಅದನ್ನು ನೋಡಿ ಏನು ಆಗುತ್ತದೆ ಅಂದುಕೊಂಡಿರಿ? ಬೇರೆ ಏನು ಮಾಡಬಹುದಿತ್ತು, ಯಾಕೆ ಬಿಟ್ಟಿರಿ? ಹೊಸಬರಾಗಿದ್ದರೆ ಅಲ್ಲಿ ಎಲ್ಲಿ ಎಡವುತ್ತಿದ್ದರು? ನಡುವೆ ಮನಸ್ಸು ಬದಲಾಯಿಸಿದ್ದು ಎಲ್ಲಿ? ಇವು ಕ್ಲೈನ್ ತಂಡದವರು ಕೇಳಿದಂಥ ಪ್ರಶ್ನೆಗಳೇ, ನಮ್ಮ ಭಾಷೆಗೆ ಇಳಿಸಿಕೊಂಡಿದ್ದೇನೆ. ನನ್ನ ಪ್ರಕಾರ ಹೊಸಬರ ಬಗ್ಗೆ ಕೇಳುವುದೇ ಇದರಲ್ಲಿ ಎಲ್ಲಕ್ಕಿಂತ ಒಳ್ಳೆಯದು. ತಮ್ಮ ಜಾಣತನ ತಮಗೇ ಕಾಣದವರಿಗೂ ಬೇರೆಯವರ ಎಡವಟ್ಟು ಚೆನ್ನಾಗಿ ಕಾಣುತ್ತದೆ!

ಹಾಸನದಲ್ಲಿ ಇಂಥ ಪ್ರಶ್ನೆ ಕೇಳಲು ತಕ್ಕ ಜಾಗ ಒಂದಿದೆ. ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ, ಊರವರ ಬಾಯಲ್ಲಿ ಎಂಸಿಎಫ್. 1982ರಿಂದ ಇನ್ಸಾಟ್ ಉಪಗ್ರಹಗಳನ್ನು ಇಲ್ಲಿಂದ ನೋಡಿಕೊಳ್ಳುತ್ತಿದ್ದಾರೆ. ಮೊದಲ ಉಪಗ್ರಹ ಇನ್ಸಾಟ್-1ಎ ಅದೇ ವರ್ಷ ಏಪ್ರಿಲ್‌ನಲ್ಲಿ ಹೋಯಿತು, ಸೆಪ್ಟೆಂಬರ್‌ನಲ್ಲಿ ಅದನ್ನು ಕೈಬಿಡಬೇಕಾಯಿತು. ಅದರ ದಿಕ್ಕು ಸರಿಯಾಗಿ ಹಿಡಿದಿಡಲು ಬೇಕಾದ ಇಂಧನ ಮುಗಿದುಹೋಗಿತ್ತು. ಮಾರನೇ ವರ್ಷ ಆಗಸ್ಟ್‌ನಲ್ಲಿ ಇನ್ಸಾಟ್-1ಬಿ ಹೋಯಿತು, ಅದರ ಸೌರಫಲಕ ಬಿಚ್ಚಿಕೊಳ್ಳಲೇ ಇಲ್ಲ. ಉಪಗ್ರಹ ಕಟ್ಟಿಕೊಟ್ಟ ಅಮೆರಿಕದ ಕಂಪನಿಯವರೂ ನಮ್ಮವರೂ ಸೇರಿ ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಅದನ್ನು ಬಿಚ್ಚಿಸಿದರು. ಆಮೇಲೆ ಅದು ವರ್ಷಗಟ್ಟಲೆ ಕೆಲಸ ಮಾಡಿತು.

ಹಿಂದಿನ ವರ್ಷವಷ್ಟೇ ಒಂದನ್ನು ಕಳೆದುಕೊಂಡವರು, ಎರಡನೆಯದೂ ಕೈಬಿಡುವ ಹಾಗಿರುವಾಗ, ಪಾಳಿಯಲ್ಲಿ ಕೂತು ಕೆಲಸ ಮಾಡಿದ್ದು ಹೇಗೆ? ಯಾರು ಯಾರಿಗೆ ಏನು ಹೇಳಿದರು? ಗಡಿಬಿಡಿ ಮಾಡಬೇಡಿ ಅಂತ ಹೇಳಲು ಯಾರಿಗೆ ಧೈರ್ಯ ಇತ್ತು? ಆ ಕಾಲದಲ್ಲಿ ಇಂಥ ಕಡೆ ಕೆಲಸ ಮಾಡಿದವರು ನಿಮ್ಮ ನೆಂಟರಲ್ಲೋ ನೆರೆಯಲ್ಲೋ ಇದ್ದರೆ, ಅವರ ಹತ್ತಿರ ಶಿಸ್ತು ಅಂದರೇನು ಅಂತ ಕೇಳಬೇಡಿ. ಆ ಎರಡು ವಾರ ಹೇಗಿತ್ತು ಅಂತ ಕೇಳಿ.

ಎಲ್ಲರೂ ಫಾರ್ವರ್ಡ್ ಮಾಡುವ ಆ ಕಥೆ

ಇಸ್ರೋ ಅಂದ ಮೇಲೆ ಸತೀಶ್ ಧವನ್ ಮತ್ತು ಕಲಾಂ ಅವರ ಕಥೆ ಬರಲೇಬೇಕು. ನಿಮ್ಮ ಫೋನಿಗೂ ಬಂದಿರುತ್ತದೆ. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹಾರಿದ ಎಸ್ಎಲ್‌ವಿ-3 ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಯೋಜನೆಯ ನಿರ್ದೇಶಕರು ಕಲಾಂ. ಕಂಪ್ಯೂಟರ್ ತಡೆ ಹಾಕಿದ್ದರೂ ಮುಂದುವರಿಯುವ ತೀರ್ಮಾನ ತನ್ನದೇ ಆಗಿತ್ತು ಅಂತ ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಆದರೆ ಪತ್ರಕರ್ತರ ಮುಂದೆ ಕೂತದ್ದು ಇಸ್ರೋ ಅಧ್ಯಕ್ಷ ಧವನ್, ಸೋಲನ್ನು ತಮ್ಮ ಮೇಲೆ ಹಾಕಿಕೊಂಡರು. 1980ರ ಜುಲೈ 18ರಂದು ರೋಹಿಣಿ ಉಪಗ್ರಹ ಕಕ್ಷೆ ಸೇರಿದಾಗ, ಹೋಗಿ ನೀವೇ ಪತ್ರಕರ್ತರ ಹತ್ತಿರ ಮಾತಾಡಿ ಅಂತ ಕಲಾಂ ಅವರನ್ನು ಕಳಿಸಿದರು.

ಸೋಲು ನಾಯಕನದು, ಗೆಲುವು ತಂಡದ್ದು. ಕಥೆಯ ಕೊನೆಗೆ ಎಲ್ಲರೂ ಬರೆಯುವ ಸಾಲು ಇದು. ನನಗೆ ಈ ಕಥೆ ಇಷ್ಟ, ಆದರೆ ಈ ಸಾಲಿನಿಂದ ಅಲ್ಲ. ಧವನ್ ಹೀಗೆ ಮಾಡಲು ಆದದ್ದು ಯಾಕೆ ಅಂತ ಯೋಚಿಸಿ. ಅವರು ಸಂಸ್ಥೆಯ ಅಧ್ಯಕ್ಷರು. ಅವರು ತಪ್ಪು ನನ್ನದು ಅಂದರೆ ಅದಕ್ಕೆ ತೂಕ ಇತ್ತು, ಆ ಮಾತಿನಿಂದ ಕೆಳಗಿನವರ ಮೇಲೆ ಬೀಳುವ ಏಟು ನಿಜವಾಗಿ ತಪ್ಪುತ್ತಿತ್ತು. ಅದೂ ಅಲ್ಲದೆ ಒಳಗಡೆ ಏನು ಕೆಟ್ಟಿತು ಅಂತ ಹುಡುಕುವ ಕೆಲಸವನ್ನು ಅವರು ಬಿಡಲಿಲ್ಲ, ಅದು ಆಗಿದ್ದರಿಂದಲೇ ಮುಂದಿನ ವರ್ಷ ರಾಕೆಟ್ ಮೇಲೆ ಹೋಯಿತು. ಹೊರಗೆ ರಕ್ಷಣೆ, ಒಳಗೆ ತನಿಖೆ. ಬರೀ ಮೊದಲನೆಯದನ್ನು ಕಲಿತ ಮ್ಯಾನೇಜರುಗಳನ್ನು ನಾವು ನೋಡಿದ್ದೇವೆ ಅಲ್ವಾ? ಪ್ರತಿ ಸಲವೂ ಎದೆ ತಟ್ಟಿಕೊಂಡು ಜವಾಬ್ದಾರಿ ನನ್ನದು ಅನ್ನುತ್ತಾರೆ, ಅದೇ ತಪ್ಪು ಮುಂದಿನ ತಿಂಗಳೂ ಆಗುತ್ತದೆ. ಇನ್ನು ಕೈಯಲ್ಲಿ ಅಧಿಕಾರವೇ ಇಲ್ಲದ ಸೂಪರ್‌ವೈಸರ್ ಒಬ್ಬರು ತಪ್ಪನ್ನು ಮೈಮೇಲೆ ಎಳೆದುಕೊಂಡರೆ, ಅವರ ಕೆಲಸವೂ ಹೋಗುತ್ತದೆ, ತಂಡಕ್ಕೂ ಉಪಯೋಗ ಇಲ್ಲ.

ತತ್ವ ಅನ್ನುವುದು ಯಾವಾಗಲೂ ಒಂದು ಪರಿಸ್ಥಿತಿಯ ಒಳಗಿಂದ ಬಂದಿರುತ್ತದೆ. ಪರಿಸ್ಥಿತಿ ಬಿಟ್ಟು ಬರೀ ತತ್ವ ಎತ್ತಿಕೊಂಡರೆ ಅದು ಕೆಲಸ ಮಾಡುವುದಿಲ್ಲ.

ಈ ಕಥೆಯಲ್ಲಿ ಇನ್ನೊಂದು ಗಮನಿಸಿ. ಇದನ್ನು ಊರಿಗೆಲ್ಲ ಹೇಳಿದವರು ಧವನ್ ಅಲ್ಲ, ಕಲಾಂ. ನಾಯಕನ ಬಗ್ಗೆ ಅವರ ಕೈಕೆಳಗೆ ಕೆಲಸ ಮಾಡಿದವರು ಹೇಳುವ ಮಾತಿಗೆ, ನಾಯಕರೇ ತಮ್ಮ ಬಗ್ಗೆ ಹೇಳಿಕೊಳ್ಳುವುದಕ್ಕಿಂತ ಬೆಲೆ ಜಾಸ್ತಿ. ಹಾಲಿನ ಸೊಸೈಟಿಯ ಅಧ್ಯಕ್ಷರಿಂದ ಕಲಿಯಬೇಕಾದರೆ ಅಧ್ಯಕ್ಷರ ಹತ್ತಿರ ಒಂದು ಗಂಟೆ ಕೂರಿ, ಹಾಲು ಹಾಕಲು ಬಂದವರ ಜೊತೆ ಎರಡು ದಿನ ಸಾಲಿನಲ್ಲಿ ನಿಲ್ಲಿ.

ಯಾರ ಅನುಭವ, ಯಾವ ಕಾಲದ್ದು

ಇನ್ನು ಯಾರನ್ನು ನಂಬುವುದು ಅನ್ನುವ ಪ್ರಶ್ನೆ. ಇದೇ ಕಷ್ಟದ್ದು.

ಮೊದಲ ತೊಂದರೆ, ಗೆದ್ದವರ ಎಲ್ಲವೂ ಚೆನ್ನಾಗಿ ಕಾಣುತ್ತದೆ. 1920ರಲ್ಲೇ ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಮನಶ್ಶಾಸ್ತ್ರಜ್ಞ ಇದನ್ನು ಸೈನ್ಯದ ಅಧಿಕಾರಿಗಳಲ್ಲಿ ಗುರುತಿಸಿದ್ದರು. ಒಬ್ಬನ ಮೈಕಟ್ಟು, ಬುದ್ಧಿ, ನಾಯಕತ್ವ, ನಡತೆ ಇವಕ್ಕೆಲ್ಲ ಬೇರೆ ಬೇರೆ ಅಂಕ ಕೊಡಿ ಅಂದರೆ, ಒಂದರಲ್ಲಿ ಚೆನ್ನಾಗಿದ್ದವನಿಗೆ ಎಲ್ಲದರಲ್ಲೂ ಚೆನ್ನಾಗಿಯೇ ಕೊಡುತ್ತಿದ್ದರು. ನಾವೂ ಅಷ್ಟೇ. ದುಡ್ಡು ಮಾಡಿದ ಪ್ಲಾಂಟರು ಮಕ್ಕಳನ್ನು ಬೆಳೆಸುವ ಬಗ್ಗೆ ಹೇಳಿದರೂ ತಲೆ ಆಡಿಸುತ್ತೇವೆ.

ಎರಡನೆಯದು, ಕಥೆಯನ್ನು ಎಲ್ಲಿ ಕತ್ತರಿಸುತ್ತೀರಿ ಅನ್ನುವುದರ ಮೇಲೆ ಪಾಠ ಬದಲಾಗುತ್ತದೆ. ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಸೈನ್ಯ ಬಿಟ್ಟು ಬಂದು ಜಾವಗಲ್ ಕಡೆ ಬೇಸಾಯ ಮಾಡಿ, 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದರು. ಕಡಿಮೆ ದರದ ವಿಮಾನ ಅನ್ನುವುದನ್ನು ದೇಶಕ್ಕೆ ಪರಿಚಯ ಮಾಡಿಸಿದ್ದು ಅದು. ಕಥೆಯನ್ನು ಅಲ್ಲಿಗೆ ನಿಲ್ಲಿಸಿದರೆ ಪಾಠ "ಧೈರ್ಯ ಮಾಡು". ಇನ್ನು ಕೆಲವು ವರ್ಷ ಮುಂದೆ ಓದಿದರೆ ಕಂಪನಿ ನಷ್ಟದಲ್ಲಿ ಕಿಂಗ್‌ಫಿಷರ್ ಕೈಗೆ ಹೋಗುತ್ತದೆ, ಪಾಠ "ಬೇಗ ಬೆಳೆಯುವಾಗ ಕೈಯಲ್ಲಿ ದುಡ್ಡು ಎಷ್ಟಿದೆ ನೋಡಿಕೋ" ಅಂತ ಆಗುತ್ತದೆ. ಇನ್ನೂ ಮುಂದೆ ಹೋದರೆ, ಅವರು ತೆರೆದ ದಾರಿಯಲ್ಲಿ ಬೇರೆಯವರು ಇವತ್ತಿಗೂ ವಿಮಾನ ಹಾರಿಸುತ್ತಿದ್ದಾರೆ. ಮೂರೂ ನಿಜ. ಹಾಗಾಗಿ ಯಾರದೇ ಕಥೆ ಕೇಳುವಾಗ, ಆಮೇಲೆ ಏನಾಯ್ತು ಅಂತ ಎರಡು ಸಲ ಜಾಸ್ತಿ ಕೇಳಿ.

ಮೂರನೆಯದು ನಮ್ಮ ಕಡೆಯವರಿಗೆ ಚೆನ್ನಾಗಿ ಅರ್ಥ ಆಗುವಂಥದ್ದು. ಒಂದು ಕಾಲದಲ್ಲಿ ಬೆಳೆಗಾರರು ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೇ ಕೊಡಬೇಕಿತ್ತು, ಅಂದರೆ ಎಲ್ಲರ ಕಾಫಿ ಒಟ್ಟು ಸೇರಿಸಿ ಬೋರ್ಡೇ ಮಾರುತ್ತಿತ್ತು. ದುಡ್ಡು ಕಂತಿನಲ್ಲಿ ಬರುತ್ತಿತ್ತು. 1990ರ ದಶಕದ ಮೊದಲ ಭಾಗದಲ್ಲಿ ಇದು ಹಂತಹಂತವಾಗಿ ಸಡಿಲವಾಗಿ 1996ಕ್ಕೆ ಪೂರ್ತಿ ಹೋಯಿತು. ಅದೇ ಹೊತ್ತಿಗೆ, 1994ರಲ್ಲಿ, ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಬೆಲೆ ಮೇಲೆ ಹೋಗಿತ್ತು. ಆಮೇಲೆ 2000ದ ಆಚೆಈಚೆ ವಿಯೆಟ್ನಾಂ ಕಾಫಿಯೂ ಸೇರಿ ಮಾರುಕಟ್ಟೆ ತುಂಬಿ ಬೆಲೆ ನೆಲ ಕಚ್ಚಿತು. ಪೂಲ್ ಕಾಲದಲ್ಲಿ ತೋಟ ನಡೆಸಿ ಗೆದ್ದವರಿಗೆ ಇಳುವರಿ, ಆಳು, ಖರ್ಚು ಇವನ್ನು ನಿಭಾಯಿಸುವುದು ಚೆನ್ನಾಗಿ ಗೊತ್ತು. ಯಾವಾಗ ಮಾರಬೇಕು ಅನ್ನುವುದು ಆಗ ಅವರ ಕೈಯಲ್ಲೇ ಇರಲಿಲ್ಲ. ಇನ್ನು ತೊಂಬತ್ತರ ದಶಕದ ಒಳ್ಳೆ ಬೆಲೆಯಲ್ಲಿ ಸಾಲ ಮಾಡಿ ತೋಟ ವಿಸ್ತರಿಸಿ ಗೆದ್ದವರ ಮಾತು ನಮಗೆ ಕೇಳಿಸುತ್ತದೆ. ಹಾಗೇ ಮಾಡಿ ತೋಟ ಮಾರಿ ಹೋದವರು ಪ್ಲಾಂಟರ್ಸ್ ಕ್ಲಬ್ಬಿನಲ್ಲಿ ಕೂತು ಪಾಠ ಹೇಳಲು ಈಗ ಇಲ್ಲ.

ಹಾಗಾದರೆ ಅನುಭವವನ್ನು ಯಾವಾಗ ನಂಬಬಹುದು? ಕ್ಲೈನ್ ಮತ್ತು ಇನ್ನೊಬ್ಬ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಈ ವಿಷಯದಲ್ಲಿ ಎದುರುಬದುರು ನಿಂತಿದ್ದವರು. ಒಬ್ಬರು ಅನುಭವಿಗಳ ಅಂದಾಜನ್ನು ಮೆಚ್ಚುವವರು, ಇನ್ನೊಬ್ಬರು ಅದರ ತಪ್ಪು ಎಣಿಸುವವರು. 2009ರಲ್ಲಿ ಇಬ್ಬರೂ ಸೇರಿ ಒಂದು ಲೇಖನ ಬರೆದರು, ಎರಡು ಷರತ್ತಿಗೆ ಒಪ್ಪಿದರು. ಆ ಕೆಲಸದಲ್ಲಿ ಹಿಡಿದಿಟ್ಟುಕೊಳ್ಳಬಹುದಾದ ಒಂದು ಕ್ರಮ ಇರಬೇಕು. ಮಾಡಿದ್ದು ಸರಿಯೋ ತಪ್ಪೋ ಅಂತ ಬೇಗ, ಮತ್ತೆ ಮತ್ತೆ ಗೊತ್ತಾಗುತ್ತಿರಬೇಕು. ಎರಡೂ ಇದ್ದರೆ ಅನುಭವಿಯ ಮನಸ್ಸಿಗೆ ಅನ್ನಿಸಿದ್ದಕ್ಕೆ ಬೆಲೆ ಇದೆ. ಇಲ್ಲದಿದ್ದರೆ ಮೂವತ್ತು ವರ್ಷದ ಅನುಭವವೂ ಬರೀ ಆತ್ಮವಿಶ್ವಾಸ.

ಮೇಸ್ತ್ರಿ ಬೆಳಿಗ್ಗೆ ಸಾಲು ಹಂಚಿದರೆ ಸಂಜೆ ತೂಕದಲ್ಲಿ ಫಲಿತಾಂಶ ಬರುತ್ತದೆ, ಮಾರನೇ ದಿನ ಯಾರು ಬಂದರು ಯಾರು ಬರಲಿಲ್ಲ ಅನ್ನುವುದರಲ್ಲಿ ಇನ್ನೊಂದು ಫಲಿತಾಂಶ. ವರ್ಷಗಟ್ಟಲೆ ಹೀಗೆ ತಿದ್ದಿಕೊಂಡ ತಲೆ ಅದು. ಜನರ ವಿಷಯದಲ್ಲಿ ಅವರ ಮಾತು ಕಣ್ಣುಮುಚ್ಚಿ ಕೇಳಬಹುದು. ಆದರೆ ಅರೇಬಿಕಾ ಬೆಲೆ ನ್ಯೂಯಾರ್ಕಿನಲ್ಲಿ, ರೋಬಸ್ಟಾ ಬೆಲೆ ಲಂಡನ್ನಿನಲ್ಲಿ ಏರಿಳಿಯುತ್ತದೆ. ಅಲ್ಲಿ ಬ್ರೆಜಿಲ್‌ನ ಮಳೆಯಿಂದ ಡಾಲರ್‌ವರೆಗೆ ಎಲ್ಲವೂ ಸೇರಿರುತ್ತದೆ. "ಇನ್ನೆರಡು ತಿಂಗಳು ಸ್ಟಾಕ್ ಇಡಿ, ಏರುತ್ತೆ, ನನ್ನ ಅನುಭವದಲ್ಲಿ ಹೇಳ್ತಿದ್ದೀನಿ" ಅನ್ನುವ ದೊಡ್ಡ ಪ್ಲಾಂಟರು ಇದ್ದಾರಲ್ಲ, ಅವರ ಮೇಲೆ ಗೌರವ ಇಟ್ಟುಕೊಂಡೇ ಆ ಮಾತನ್ನು ಆ ಕಿವಿಯಿಂದ ಬಿಡಿ.

ಕೇಳಿದ್ದನ್ನು ಏನು ಮಾಡುವುದು

ಸುಮ್ನೆ ಬರೆದಿಟ್ಟರೆ ಉಪಯೋಗ ಇಲ್ಲ. ಸಣ್ಣದಾಗಿ ಮಾಡಿ ನೋಡಬೇಕು. ಸ್ತ್ರೀ ಶಕ್ತಿ ಗುಂಪು ನಡೆಸುವ ಒಬ್ಬರು ಅಕ್ಕ ಸಭೆ ನಡೆಸುವುದನ್ನು ನಾನು ಕೂತು ನೋಡಿದ್ದೇನೆ. ಕಂತು ಕಟ್ಟದವರ ಹೆಸರನ್ನು ಅವರು ಸಭೆಯಲ್ಲಿ ಮೊದಲು ಎತ್ತುವುದಿಲ್ಲ. ಯಾರು ಖಂಡಿತ ಕಟ್ಟುತ್ತಾರೋ ಅವರಿಂದ ಶುರು ಮಾಡುತ್ತಾರೆ. ನೋಟು ಒಂದರ ಮೇಲೊಂದು ಚಾಪೆ ಮೇಲೆ ಬೀಳುತ್ತಾ ಹೋಗುತ್ತದೆ. ತಡ ಮಾಡುವವರ ಸರದಿ ಬರುವ ಹೊತ್ತಿಗೆ ಯಾರೂ ಏನೂ ಅನ್ನಬೇಕಾಗಿಲ್ಲ, ಸೆರಗಿನ ಗಂಟು ತಾನೇ ಬಿಚ್ಚಿಕೊಳ್ಳುತ್ತದೆ. ನಿಜವಾಗಿ ಕಷ್ಟದಲ್ಲಿರುವವರ ಮನೆಗೆ ಹಿಂದಿನ ಸಂಜೆಯೇ ಹೋಗಿ ಬಂದಿರುತ್ತಾರೆ, ಅವರ ಹೆಸರು ಬಂದಾಗ "ಅವರದ್ದು ಮುಂದಿನ ವಾರ, ನಂಗೆ ಹೇಳಿದ್ದಾರೆ" ಅಂತ ಮುಂದೆ ಹೋಗುತ್ತಾರೆ. ಮಾನ ಹೋಗಲ್ಲ, ಲೆಕ್ಕವೂ ತಪ್ಪಲ್ಲ.

ಇದರಿಂದ ನೀವು ಎತ್ತಿಕೊಳ್ಳಬಹುದಾದದ್ದು ಒಂದೇ ಒಂದು ಸಣ್ಣ ವಿಷಯ: ಕಷ್ಟದ ಮಾತನ್ನು ಸಭೆಗೆ ಮುಂಚೆಯೇ ಮುಗಿಸುವುದು. ನಿಮ್ಮ ಆಫೀಸಿನಲ್ಲೋ ಯುವಕ ಸಂಘದಲ್ಲೋ ಗಣಪತಿ ಸಮಿತಿಯಲ್ಲೋ ಮುಂದಿನ ಸಲ ಅಷ್ಟನ್ನೇ ಮಾಡಿ ನೋಡಿ. ಅಕ್ಕನ ಥರ ಮಾತಾಡಲು ಹೋಗಬೇಡಿ. ನಕಲು ಮಾಡುವವರು ಸಾಮಾನ್ಯವಾಗಿ ಗತ್ತು, ದನಿ, ಬೈಯುವ ಶೈಲಿ ಇವನ್ನೇ ಮೊದಲು ಕಲಿಯುತ್ತಾರೆ, ಯಾಕೆಂದರೆ ಕಣ್ಣಿಗೆ ಬೀಳುವುದು ಅದೇ.

ಮಾಡಿದ ಮೇಲೆ ಅದೇ ದಿನ ಲೆಕ್ಕ ನೋಡಿ. ಅಮೆರಿಕದ ಸೈನ್ಯದಲ್ಲಿ 1970ರ ದಶಕದಿಂದ ಒಂದು ಪದ್ಧತಿ ಇದೆ, ಅಭ್ಯಾಸ ಮುಗಿದ ತಕ್ಷಣ ಎಲ್ಲರೂ ಕೂತು ನಾಲ್ಕು ಪ್ರಶ್ನೆ ಕೇಳಿಕೊಳ್ಳುತ್ತಾರೆ. ಏನಾಗಬೇಕು ಅಂದುಕೊಂಡಿದ್ದೆವು? ಏನಾಯಿತು? ವ್ಯತ್ಯಾಸ ಯಾಕೆ ಬಂತು? ಮುಂದಿನ ಸಲ ಏನು ಮಾಡೋಣ? ಅದರಲ್ಲಿ ಕಿರಿಯ ಸಿಪಾಯಿಯೂ ಮೇಲಧಿಕಾರಿಯ ಮುಂದೆ ಮಾತಾಡಬಹುದು. ನಮ್ಮಲ್ಲಿ ಈ ಕಿರಿಯರು ಮಾತಾಡುವುದೇ ಕಷ್ಟ. ಹಿರಿಯರ ಮುಂದೆ "ಅಲ್ಲಿ ಎಡವಿದೆವು" ಅನ್ನಲು ಕಿರಿಯರಿಗೆ ಬಾಯಿ ಬರುವುದಿಲ್ಲ. ಅದಕ್ಕೆ ಹಿರಿಯರೇ ಮೊದಲು ತಮ್ಮದನ್ನು ಹೇಳಿದರೆ ದಾರಿ ಸುಲಭ. ಹೇಳುವ ಹಿರಿಯರು ಸಿಕ್ಕರೆ ಅವರನ್ನು ಬಿಡಬೇಡಿ, ಕಲಿಯಲು ಅಂಥವರೇ ಬೇಕು.

ಕೊನೆಗೆ ಒಂದು ವ್ಯಾವಹಾರಿಕ ಮಾತು. ಹೋಗುವ ಹೊತ್ತು ನೋಡಿಕೊಂಡು ಹೋಗಿ. ಕುಯ್ಲಿನ ನಡುವೆ ಮೇಸ್ತ್ರಿಯನ್ನು, ತೂಕ ನಡೆಯುವಾಗ ರೈಟರನ್ನು, ಹಾಲು ಅಳೆಯುವ ಹೊತ್ತಲ್ಲಿ ಕಾರ್ಯದರ್ಶಿಯನ್ನು ಮಾತಿಗೆ ಎಳೆದರೆ ಬೈಸಿಕೊಳ್ಳುತ್ತೀರಿ. ಆ ಹೊತ್ತಲ್ಲಿ ಬಾಯಿ ಮುಚ್ಚಿಕೊಂಡು ನೋಡಿ, ಅನುಮಾನ ಬಂದದ್ದನ್ನು ನೆನಪಿಟ್ಟುಕೊಳ್ಳಿ. ಕೇಳುವುದಕ್ಕೆ ಅದೇ ದಿನದ ಊಟದ ಹೊತ್ತು ಒಳ್ಳೆಯದು, ನೆನಪು ಹಸಿಯಾಗಿರುತ್ತದೆ. ಉದ್ದ ಕಥೆಗಳಿಗೆ ಪುನರ್ವಸು, ಪುಷ್ಯ ಮಳೆ ಹಿಡಿದು ತೋಟದ ಕೆಲಸ ನಿಂತಿರುವ ಜುಲೈ ತಿಂಗಳೇ ಸರಿ. ಹೋಗುವಾಗ ಬರಿಗೈಲಿ ಹೋಗಬೇಡಿ, ಫೋನಿನಲ್ಲಿ ರೆಕಾರ್ಡ್ ಮಾಡುವುದಾದರೆ ಮೊದಲೇ ಕೇಳಿ. ರೆಕಾರ್ಡಿಂಗ್ ಶುರುವಾದ ತಕ್ಷಣ ಅವರು ತತ್ವ ಹೇಳಲು ಶುರು ಮಾಡಿದರೆ, ಫೋನ್ ಒಳಗಿಟ್ಟು ಮತ್ತೆ ಕೇಳಿ.